ಒತ್ತೆಯ ಹಣದ ಲೆಕ್ಕ

ಹನ್ನೆರಡನೆಯ ಶತಮಾನದ ಶರಣೆಯರಲ್ಲಿ ಸೂಳೆ ಸಂಕವ್ವೆ ಎಂಬವಳೊಬ್ಬಳಿದ್ದಳು. ಅವಳದೆಂದು ನಮಗೆ ಉಳಿದುಬಂದಿರುವುದು ಒಂದೇ ಒಂದು ವಚನ. ಆ ವಚನ ನಿಂತಿರುವುದು 'ಒತ್ತೆ' ಎಂಬ ಮಾತಿನ ಮೇಲೆ. ಒತ್ತೆಯೆಂದರೆ ಅಲ್ಲಿ ವೇಶ್ಯೆಗೆ ಸಲ್ಲುವ ಹಣ. ಒಬ್ಬನಿಂದ ಒತ್ತೆ ಹಿಡಿದವಳು ಇನ್ನೊಬ್ಬನಿಂದ ಹಿಡಿಯಬಾರದೆಂಬ ವೃತ್ತಿಯ ಕಟ್ಟಳೆಯನ್ನೇ ಅವಳು ಭಕ್ತಿಯ ಏಕನಿಷ್ಠೆಗೆ ಉಪಮಾನವಾಗಿ ಬಳಸಿಕೊಂಡಳು. ಹಣದ ಮಾತನ್ನು ಹಣದ ಮಾತಾಗಿಯೇ ಆಡಲು ಆಕೆ ಹಿಂಜರಿಯಲಿಲ್ಲ.

ಆಕೆಗಿಂತ ಬಹಳ ಹಿಂದೆಯೇ ಕೌಟಿಲ್ಯನ ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ ಗಣಿಕಾಧ್ಯಕ್ಷನೆಂಬ ಅಧಿಕಾರಿಯ ಕರ್ತವ್ಯಗಳಿಗಾಗಿ ಒಂದು ಇಡೀ ಅಧ್ಯಾಯ ಮೀಸಲಾಗಿತ್ತು. ಗಣಿಕೆಗೆ ಸಲ್ಲತಕ್ಕದ್ದು 1,000 ಪಣ, ಅವಳ ಬಿಡುಗಡೆಯ ಬೆಲೆ 24,000 ಪಣ, ರೂಪಾಜೀವೆಯರು ತಿಂಗಳಿಗೆ ಎರಡು ದಿನದ ಗಳಿಕೆಯನ್ನು ಬೊಕ್ಕಸಕ್ಕೆ ಕಟ್ಟತಕ್ಕದ್ದು ಎಂದೆಲ್ಲ ಅಲ್ಲಿ ಲೆಕ್ಕವಿದೆ. ತಿಂಗಳಿಗೆ ಎರಡು ದಿನದ ಗಳಿಕೆ ಎಂದರೆ ಹದಿನೈದರಲ್ಲಿ ಒಂದು ಪಾಲು. ಈ ಪ್ರಮಾಣವನ್ನು ಕೇಳುಗರು ನೆನಪಿನಲ್ಲಿಟ್ಟುಕೊಂಡಿರಬೇಕೆಂದು ಕೋರುತ್ತೇನೆ. ಮುಂದೆ ಬೇರೆ ಪ್ರಮಾಣಗಳೊಡನೆ ಇದನ್ನು ಹೋಲಿಸಿ ನೋಡುವ ಪ್ರಸಂಗ ಬರುತ್ತದೆ.

ಈ ಹೊತ್ತು ನಾನು ಪ್ರಸ್ತಾಪಿಸಬೇಕೆಂದಿರುವುದು ಅದೇ ಹಳೆಯ ವೃತ್ತಿಯ ಹೊಸ ಮುಖವೊಂದನ್ನು. ಅಂತರ್ಜಾಲದ ಮೂಲಕ ವಯಸ್ಕರಿಗೆಂದು ನಡೆಯುವ ಕಾಮಪ್ರದರ್ಶನದ ವ್ಯಾಪಾರ ಇಂದು ಜಗತ್ತಿನಾದ್ಯಂತ ಹಬ್ಬಿಕೊಂಡಿದೆ. ಅದು ನೀತಿಯೋ ಅನೀತಿಯೋ ಎಂಬ ಚರ್ಚೆಗೆ ನಮ್ಮಲ್ಲಿ ಕೊರತೆಯಿಲ್ಲ. ಆದರೆ ಆ ವ್ಯಾಪಾರದಲ್ಲಿ ನೋಡುಗನೊಬ್ಬ ಕೊಟ್ಟ ನೂರು ರೂಪಾಯಿ ಯಾರು ಯಾರ ಕೈಗೆ ಎಷ್ಟೆಷ್ಟು ಸೇರುತ್ತದೆ ಎಂಬ ಸರಳ ಪ್ರಶ್ನೆಯನ್ನು ಕೇಳುವವರು ವಿರಳ. ಆ ಪ್ರಶ್ನೆ ಕೇಳದಿರುವುದರಿಂದ ಯಾರಿಗೆ ಲಾಭವಾಗುತ್ತಿದೆ ಎಂಬುದೂ ವಿಚಾರಿಸತಕ್ಕ ಸಂಗತಿಯೇ.

ಮೊದಲು ಈ ವ್ಯಾಪಾರದ ಬಗೆಗಳನ್ನು ಸ್ಥೂಲವಾಗಿ ತಿಳಿದುಕೊಳ್ಳೋಣ. ಮೊದಲನೆಯದು ಚಿತ್ರೀಕರಿಸಿ ಮಾರುವ ಬಗೆ. ಇಲ್ಲಿ ನಟಿಗೋ ನಟನಿಗೋ ಒಂದು ದಿನದ ಕೆಲಸಕ್ಕೆ ಒಂದು ಸಲದ ಸಂಭಾವನೆ. ಚಿತ್ರ ಎಷ್ಟು ವರ್ಷ ಓಡಿದರೂ, ಎಷ್ಟು ಸಲ ಮಾರಾಟವಾದರೂ ಮತ್ತೆ ಬಿಡಿಗಾಸು ಬರುವುದು ಅಪರೂಪ. 2006 ಮತ್ತು 2007ರಲ್ಲಿ ಇಂಥ ಚಿತ್ರಗಳನ್ನು ಬಿಟ್ಟಿಯಾಗಿ ತೋರಿಸುವ ತಾಣಗಳು ಒಂದರ ಹಿಂದೊಂದು ಹುಟ್ಟಿಕೊಂಡವು. ಯೂಪೋರ್ನ್, ಪೋರ್ನ್‌ಹಬ್ ಎಂಬವು ಆ ಕಾಲದವು. ಯಾರೋ ಕದ್ದು ಸೇರಿಸಿದ ಚಿತ್ರಗಳಿಗೆ ಲಕ್ಷಾಂತರ ನೋಡುಗರು ಸೇರಿದರು, ಜಾಹೀರಾತಿನ ಹಣ ತಾಣದ ಒಡೆಯರಿಗೆ ಸೇರಿತು. ಚಿತ್ರದಲ್ಲಿ ಕಾಣಿಸಿಕೊಂಡವರ ಸಂಭಾವನೆ ಮಾತ್ರ ಇಳಿಯುತ್ತ ಹೋಯಿತು.

ಎರಡನೆಯದು ನೇರ ಪ್ರದರ್ಶನದ ಬಗೆ. ಗಣಕಯಂತ್ರದ ಕ್ಯಾಮೆರಾ ಮುಂದೆ ಕುಳಿತವರು ನೋಡುಗರೊಡನೆ ಮಾತನಾಡುತ್ತಾರೆ, ನೋಡುಗರು 'ಟೋಕನ್' ಎಂಬ ಬಿಲ್ಲೆಗಳನ್ನು ಕೊಂಡು ಅವರತ್ತ ಎಸೆಯುತ್ತಾರೆ. ಮೂರನೆಯದು ಚಂದಾ ಬಗೆ. ಪತ್ರಿಕೆಗೆ ಚಂದಾ ಕಟ್ಟುವಂತೆ ಒಬ್ಬ ವ್ಯಕ್ತಿಯ ಖಾತೆಗೆ ತಿಂಗಳ ಚಂದಾ ಕಟ್ಟಿದರೆ ಆಕೆಯ ಅಥವಾ ಆತನ ಚಿತ್ರಗಳನ್ನು ನೋಡಬಹುದು, ಹೆಚ್ಚು ಕೊಟ್ಟರೆ ಖಾಸಗಿಯಾಗಿ ಪತ್ರವ್ಯವಹಾರವನ್ನೂ ನಡೆಸಬಹುದು. ಈ ಮೂರನೆಯ ಬಗೆ ಬಂದಾಗ, ಇನ್ನು ನಡುವಿನ ದಲ್ಲಾಳಿಗಳ ಕಾಲ ಮುಗಿಯಿತು, ದುಡಿದವರ ಗಳಿಕೆ ದುಡಿದವರಿಗೇ ಸೇರುತ್ತದೆ ಎಂದು ಅನೇಕರು ನಂಬಿದರು. ಆ ನಂಬಿಕೆ ಎಷ್ಟರಮಟ್ಟಿಗೆ ನಿಜವಾಯಿತೆಂಬುದನ್ನು ಒಂದು ಉದಾಹರಣೆಯಿಂದ ಪರೀಕ್ಷಿಸಬಹುದು.

ಲಂಡನ್ನಿನಲ್ಲಿ 2016ರಲ್ಲಿ ಟಿಮ್ ಸ್ಟೋಕ್ಲಿ ಎಂಬಾತ ಓನ್ಲಿಫ್ಯಾನ್ಸ್ ಎಂಬ ಚಂದಾತಾಣವನ್ನು ಆರಂಭಿಸಿದ. 2018ರಲ್ಲಿ ಅದರ ಒಡೆತನ ಉಕ್ರೇನ್ ಮೂಲದ ಅಮೆರಿಕನ್ ಉದ್ಯಮಿ ಲಿಯೊನಿಡ್ ರಾಡ್ವಿನ್‌ಸ್ಕಿಯ ಕೈಗೆ ಬಂದಿತು. ಅಡುಗೆ ಕಲಿಸುವವರು, ವ್ಯಾಯಾಮ ಕಲಿಸುವವರು ಅಲ್ಲಿಲ್ಲವೆಂದಲ್ಲ. ಆದರೆ ತಾಣದ ಹೆಸರು, ಹಣ ಎರಡೂ ವಯಸ್ಕ ಚಿತ್ರಗಳಿಂದಲೇ ಬಂದವು. ಅಲ್ಲಿಯ ಕರಾರು ನೋಡುವುದಕ್ಕೆ ಸರಳವಾದುದು. ನೋಡುಗ ಕೊಟ್ಟ ಹಣದಲ್ಲಿ ನೂರಕ್ಕೆ 80 ಪಾಲು ಖಾತೆದಾರರಿಗೆ, 20 ಪಾಲು ಕಂಪನಿಗೆ. ಸಿನಿಮಾ ಕಂಪನಿಯಾಗಲಿ, ಪುಸ್ತಕ ಪ್ರಕಾಶಕನಾಗಲಿ, ಇಷ್ಟು ದೊಡ್ಡ ಪಾಲನ್ನು ಕಲಾವಿದನಿಗೋ ಲೇಖಕನಿಗೋ ಬಿಟ್ಟುಕೊಡುವುದನ್ನು ನಾವು ಕಂಡಿಲ್ಲ. ಕೌಟಿಲ್ಯನ ಹದಿನೈದನೆಯ ಒಂದು ಪಾಲಿಗೆ ಹೋಲಿಸಿದರೆ ಐದನೆಯ ಒಂದು ಪಾಲು ದೊಡ್ಡದು, ನಿಜ. ಆದರೂ ವ್ಯಾಪಾರದ ರೂಢಿಯಲ್ಲಿ ಇದು ಉದಾರವೆಂದೇ ತೋರುತ್ತದೆ.

ಈಗ 2024ನೆಯ ಸಾಲಿನ ಲೆಕ್ಕಪತ್ರವನ್ನು ನೋಡೋಣ. ಆ ವರ್ಷ ನೋಡುಗರು ಒಟ್ಟು 722 ಕೋಟಿ ಡಾಲರುಗಳನ್ನು ಕೊಟ್ಟರು. ಕಂಪನಿಯ ವರಮಾನ 141 ಕೋಟಿ ಡಾಲರು, ತೆರಿಗೆಗೆ ಮುಂಚಿನ ಲಾಭ 68 ಕೋಟಿಗೂ ಮಿಗಿಲು. ಕಂಪನಿಯಲ್ಲಿದ್ದ ನೌಕರರ ಸಂಖ್ಯೆ ಐವತ್ತಕ್ಕಿಂತಲೂ ಕಡಿಮೆ. ಒಬ್ಬನೇ ಒಡೆಯನಿಗೆ ಲಾಭಾಂಶವಾಗಿ ಸಂದದ್ದು ಸುಮಾರು 70 ಕೋಟಿ ಡಾಲರು. ಇತ್ತ ಖಾತೆದಾರರ ಸಂಖ್ಯೆ 46 ಲಕ್ಷ. ಅವರಿಗೆಲ್ಲ ಸೇರಿ ಸಂದ 580 ಕೋಟಿಯನ್ನು ಸಮನಾಗಿ ಹಂಚಿ ನೋಡಿದೆ. ತಲಾ ವರ್ಷಕ್ಕೆ ಸುಮಾರು 1,250 ಡಾಲರು, ಎಂದರೆ ತಿಂಗಳಿಗೆ ನೂರು ಡಾಲರಿಗೆ ಸ್ವಲ್ಪ ಮೇಲೆ. ಅಮೆರಿಕದಲ್ಲಾಗಲಿ ಇಂಗ್ಲೆಂಡಿನಲ್ಲಾಗಲಿ ಅದರಿಂದ ಒಂದು ಕೊಠಡಿಯ ಬಾಡಿಗೆಯೂ ಹುಟ್ಟುವುದಿಲ್ಲ. ಒಡೆಯನೊಬ್ಬನ ಲಾಭಾಂಶ ಐದೂವರೆ ಲಕ್ಷ ಖಾತೆಗಳ ಸರಾಸರಿ ವರ್ಷದ ಗಳಿಕೆಗೆ ಸಮನಾಯಿತು.

ನೂರಕ್ಕೆ 80 ಎಂಬ ಉದಾರವಾದ ಪಾಲು ಹೀಗೆ ಕರಗಿಹೋಗುವುದಕ್ಕೆ ಕಾರಣ ಸ್ಪಷ್ಟವಾಗಿದೆ. ಕಂಪನಿಗೆ ಎಲ್ಲರ ಗಳಿಕೆಯಿಂದಲೂ ಐದನೆಯ ಒಂದು ಪಾಲು ಬರುತ್ತದೆ. ಖಾತೆದಾರಳಿಗೆ ತನ್ನೊಬ್ಬಳ ಗಳಿಕೆಯಿಂದ ಮಾತ್ರ ಐದರಲ್ಲಿ ನಾಲ್ಕು ಪಾಲು. ಅಡಿಕೆ ಮಂಡಿಯ ಸಾಹುಕಾರನಿಗೆ ಯಾವ ಬೆಳೆಗಾರನ ಮೂಟೆ ಮಾರಿದರೂ ಕಮಿಷನ್ ತಪ್ಪುವುದಿಲ್ಲ. ಒಬ್ಬನ ತೋಟಕ್ಕೆ ಕೊಳೆರೋಗ ಬಂದರೆ ಇನ್ನೊಬ್ಬನ ಮೂಟೆ ಬರುತ್ತದೆ. ಬೆಳೆಗಾರನಿಗೆ ಮಾತ್ರ ಇರುವುದು ತನ್ನದೊಂದೇ ತೋಟ. ಅಪಾಯವನ್ನು ಸಾವಿರಾರು ಜನರ ಮೇಲೆ ಹಂಚಿ, ಲಾಭವನ್ನು ಒಂದು ಕಡೆ ಒಟ್ಟುಗೂಡಿಸುವುದೇ ಮಂಡಿಯ ಮರ್ಮ.

ಇದು ಮೊದಲನೆಯ ಹಂಚಿಕೆ, ದುಡಿಯುವವರಿಗೂ ಮಾರುಕಟ್ಟೆಯ ಒಡೆಯರಿಗೂ ನಡುವಿನದು. ಎರಡನೆಯ ಹಂಚಿಕೆ ದುಡಿಯುವವರ ನಡುವಿನದು. ಅದು ಇನ್ನಷ್ಟು ಕಠೋರವಾಗಿದೆ. ನಾನು ಈಗ ಹೇಳಿದ ನೂರು ಡಾಲರು ಕೇವಲ ಸರಾಸರಿ. ಸರಾಸರಿ ಎಂಬುದು ಬಲು ಮೋಸದ ಅಂಕಿ. ಒಬ್ಬ ಜಮೀನುದಾರನೂ ತೊಂಬತ್ತೊಂಬತ್ತು ಮಂದಿ ಕೂಲಿಗಳೂ ಇರುವ ಊರಿನಲ್ಲಿ ಸರಾಸರಿ ತೆಗೆದರೆ ಎಲ್ಲರೂ ಅನುಕೂಲಸ್ಥರಾಗಿಯೇ ಕಾಣುತ್ತಾರೆ.

ಇದೇ ತಾಣದ ಬಗ್ಗೆ 2020ರಲ್ಲಿ ಹೊರಗಿನ ವಿಶ್ಲೇಷಕರೊಬ್ಬರು ಮಾಡಿದ ಅಂದಾಜೊಂದಿದೆ. ಕಂಪನಿ ಪ್ರಕಟಿಸಿದ ಲೆಕ್ಕವಲ್ಲವಾದ್ದರಿಂದ ಅದನ್ನು ಅಂದಾಜೆಂದೇ ಸ್ವೀಕರಿಸಬೇಕು. ಅದರಂತೆ ನೂರು ಖಾತೆಗಳಲ್ಲಿ ಮೇಲಿನ ಒಂದು ಖಾತೆಗೆ ಒಟ್ಟು ಹಣದ 33 ಪಾಲು, ಮೇಲಿನ ಹತ್ತು ಖಾತೆಗಳಿಗೆ ಒಟ್ಟಾಗಿ 73 ಪಾಲು ಹೋಗುತ್ತದೆ. ಇದನ್ನು ಊಟದ ಪಂಕ್ತಿಗೆ ಅನ್ವಯಿಸಿ ನೋಡಿ. ನೂರು ಜನ ಕುಳಿತಿದ್ದಾರೆ, ನೂರು ಹೋಳಿಗೆ ಇವೆ. ಮೊದಲನೆಯವನ ಎಲೆಗೆ 33 ಹೋಳಿಗೆ. ಅವನ ಪಕ್ಕದ ಒಂಬತ್ತು ಜನರಿಗೆ ಒಟ್ಟು 40. ಉಳಿದ ತೊಂಬತ್ತು ಜನ 27 ಹೋಳಿಗೆಗಳನ್ನು ಮುರಿದು ಹಂಚಿಕೊಳ್ಳಬೇಕು. ಆ ತೊಂಬತ್ತರಲ್ಲಿಯೂ ಹಂಚಿಕೆ ಸಮವಾಗಿಲ್ಲ. ಪಂಕ್ತಿಯ ತುದಿಯಲ್ಲಿರುವವರಿಗೆ ಹೋಳಿಗೆಯ ವಾಸನೆ ಮಾತ್ರ ಬಂದೀತು.

ಇಂಥ ಓರೆಯಾದ ಹಂಚಿಕೆ ಈ ವೃತ್ತಿಗೇ ವಿಶಿಷ್ಟವಾದುದಲ್ಲ. ಇಟಲಿಯ ವಿಲ್‌ಫ್ರೆಡೊ ಪರೇಟೊ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿಯೇ ಬೇರೆ ಬೇರೆ ದೇಶಗಳ ಆದಾಯದ ಲೆಕ್ಕಗಳಲ್ಲಿ ಇದರ ಆಕಾರವನ್ನು ಗುರುತಿಸಿದ್ದ. ಇಂಗ್ಲೆಂಡಿನ ಆಲ್‌ಫ್ರೆಡ್ ಮಾರ್ಷಲ್ ಗಾಯಕರ ಗಳಿಕೆಯನ್ನು ಕುರಿತು ಬರೆಯುತ್ತ, ಮನುಷ್ಯನ ಕಂಠ ಎಷ್ಟು ಜನರಿಗೆ ಕೇಳಿಸೀತೋ ಅಷ್ಟೇ ಅವರ ಗಳಿಕೆಯ ಮೇರೆಯೆಂದು ಭಾವಿಸಿದ್ದ. ಕಂಠದ ಆ ಮೇರೆಯನ್ನು ಧ್ವನಿಮುದ್ರಿಕೆ ಮುರಿಯಿತು, ಬಾನುಲಿ ಮುರಿಯಿತು, ಸಿನಿಮಾ ಮುರಿಯಿತು. 1981ರಲ್ಲಿ ಷೆರ್ವಿನ್ ರೋಸೆನ್ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞ, ತಂತ್ರಜ್ಞಾನ ಒಬ್ಬನ ಕಲೆಯನ್ನು ಎಲ್ಲರಿಗೂ ಮುಟ್ಟಿಸಬಲ್ಲದಾದಾಗ ಪ್ರತಿಭೆಯ ಸಣ್ಣ ಅಂತರ ಗಳಿಕೆಯಲ್ಲಿ ಭಾರಿ ಅಂತರವಾಗುವುದೆಂದು ತರ್ಕಬದ್ಧವಾಗಿ ತೋರಿಸಿದ. ಊರಿಗೊಬ್ಬ ಹಾಡುಗಾರ ಬದುಕುತ್ತಿದ್ದ ಕಾಲ ಹೋಗಿ, ದೇಶಕ್ಕೊಬ್ಬ ಹಾಡುಗಾರ ಮೆರೆಯುವ ಕಾಲ ಬಂದದ್ದು ಹೀಗೆ.

ಅಂತರ್ಜಾಲದ ವಯಸ್ಕ ವ್ಯಾಪಾರದಲ್ಲಿ ಈ ನಿಯಮ ಮತ್ತಷ್ಟು ಮೊನಚಾಗುವುದಕ್ಕೆ ಬೇರೆಯೂ ಕಾರಣವಿದೆ. ಚಂದಾತಾಣ ನೋಡುಗರನ್ನು ತಾನಾಗಿ ಹೊಸಬರ ಬಾಗಿಲಿಗೆ ಕರೆದುಕೊಂಡು ಹೋಗುವುದು ಕಡಿಮೆ. ಬೇರೆಡೆ ಈಗಾಗಲೇ ಹೆಸರು ಮಾಡಿದವರು ತಮ್ಮ ಅಭಿಮಾನಿಗಳನ್ನು ತಾವೇ ಕರೆತರಬೇಕು. ಎಂದರೆ, ಅಲ್ಲಿ ಹಣವಾಗಿ ಮಾರ್ಪಡುವುದು ದೇಹಕ್ಕಿಂತ ಹೆಚ್ಚಾಗಿ ಹೆಸರು. 2020ರ ಆಗಸ್ಟಿನಲ್ಲಿ ಬೆಲ್ಲಾ ಥಾರ್ನ್ ಎಂಬ ಅಮೆರಿಕದ ಚಿತ್ರನಟಿ ಅಲ್ಲಿ ಖಾತೆ ತೆರೆದು ಒಂದೇ ದಿನದಲ್ಲಿ 10 ಲಕ್ಷ ಡಾಲರು ಗಳಿಸಿದಳೆಂದು ವರದಿಯಾಯಿತು. ಅದರ ಬೆನ್ನಿಗೇ ತಾಣ ಪ್ರತಿ ಚಿತ್ರದ ಬೆಲೆಗೂ ಇನಾಮಿಗೂ ಮಿತಿ ಹಾಕಿತು. ಆ ನಟಿಯ ಪ್ರಸಂಗಕ್ಕೂ ಇದಕ್ಕೂ ಸಂಬಂಧವಿಲ್ಲವೆಂದು ಕಂಪನಿ ಹೇಳಿತು. ವರ್ಷಗಳಿಂದ ಅಲ್ಲಿ ದುಡಿಯುತ್ತಿದ್ದ ಸಾಮಾನ್ಯ ಕೆಲಸಗಾರ್ತಿಯರು, ದೊಡ್ಡವರು ಬಂದು ಹೋದದ್ದಕ್ಕೆ ತಮ್ಮ ಊಟಕ್ಕೆ ಕಲ್ಲು ಬಿತ್ತೆಂದು ದೂರಿದರು. ಇಂಥ ಮಿತಿಯ ಪೆಟ್ಟು ಹೆಚ್ಚಾಗಿ ಬೀಳುವುದು ಬೇರೆ ಆದಾಯವಿಲ್ಲದವರ ಮೇಲೆಯೇ.

ಇದಲ್ಲದೆ, ಖಾತೆಗೆ ಬಂದ ಹಣವೆಲ್ಲ ಕೈಗೆ ಉಳಿಯುವುದಿಲ್ಲ. ಕ್ಯಾಮೆರಾ, ದೀಪ, ಉಡುಪು, ತೆರಿಗೆ ಎಲ್ಲವೂ ಕೆಲಸಗಾರರ ತಲೆಯ ಮೇಲಿನವು. ಹಣ ಕೊಟ್ಟ ನೋಡುಗ ನಾಳೆ ತನ್ನ ಬ್ಯಾಂಕಿಗೆ ತಕರಾರು ಹೂಡಿ ಹಣ ವಾಪಸು ಪಡೆದರೆ, ಅನೇಕ ತಾಣಗಳಲ್ಲಿ ಆ ನಷ್ಟ ಕೆಲಸಗಾರರ ಲೆಕ್ಕದಿಂದಲೇ ಕಳೆಯುತ್ತದೆ. ಚಿತ್ರಗಳನ್ನು ಕದ್ದು ಬೇರೆಡೆ ಹಂಚುವವರ ಹಿಂದೆ ಓಡಾಡುವ ಕೆಲಸ ಬೇರೆ. ಎಲ್ಲಕ್ಕಿಂತ ಹೆಚ್ಚಿನ ದುಡಿಮೆ ಬೇಡುವುದು ಪತ್ರವ್ಯವಹಾರ. ಚಂದಾ ಕಟ್ಟಿದವನು ಚಿತ್ರಕ್ಕಿಂತ ಹೆಚ್ಚಾಗಿ ಬಯಸುವುದು ಮಾತನ್ನು. ತನ್ನ ಹೆಸರು ಹಿಡಿದು ಯಾರೋ ಮಾತನಾಡಿಸುತ್ತಾರೆ ಎಂಬ ಭ್ರಮೆಗೆ ಆತ ಹಣ ಕೊಡುತ್ತಾನೆ.

ಸಾವಿರಾರು ಚಂದಾದಾರರಿರುವಾಗ ಒಬ್ಬಳೇ ಎಲ್ಲರೊಡನೆ ಮಾತನಾಡುವುದು ಸಾಧ್ಯವಿಲ್ಲವಷ್ಟೆ. ಆದ್ದರಿಂದ ಹೊಸ ದಲ್ಲಾಳಿಗಳು ಹುಟ್ಟಿಕೊಂಡರು. ಖಾತೆಯನ್ನು ನೋಡಿಕೊಳ್ಳುವುದಾಗಿ ಹೇಳಿ ಗಳಿಕೆಯ ಅರ್ಧದವರೆಗೂ ಪಾಲು ಕೇಳುವ ಏಜೆನ್ಸಿಗಳಿವೆ. ಆ ಏಜೆನ್ಸಿಗಳು ಫಿಲಿಪೀನ್ಸಿನಂಥ ದೇಶಗಳ ತರುಣ ತರುಣಿಯರನ್ನು ಗಂಟೆಗೆ ಕೆಲವೇ ಡಾಲರುಗಳ ಕೂಲಿಗೆ ಇಟ್ಟುಕೊಂಡು, ಖಾತೆದಾರಳ ಹೆಸರಿನಲ್ಲಿ ಅವರಿಂದ ಪ್ರೇಮಪತ್ರಗಳನ್ನು ಬರೆಯಿಸುತ್ತವೆ. ಅಮೆರಿಕದ ಯಾವುದೋ ಊರಿನ ಒಂಟಿ ಮನುಷ್ಯನೊಬ್ಬ ರಾತ್ರಿಯೆಲ್ಲ ಯಾರೊಡನೆ ಸರಸ ಸಂಭಾಷಣೆ ನಡೆಸಿದೆನೆಂದು ನಂಬಿದ್ದಾನೋ ಅವಳು ಆಗ ನಿದ್ರಿಸುತ್ತಿರುತ್ತಾಳೆ. ಉತ್ತರ ಬರೆಯುತ್ತಿರುವವನು ಮನಿಲಾದ ಒಬ್ಬ ಹುಡುಗನಾಗಿರಬಹುದು. ಹಣದ ಹಂಚಿಕೆಯ ಯಾವ ಪಟ್ಟಿಯಲ್ಲಿಯೂ ಆ ಹುಡುಗನ ಹೆಸರಿರುವುದಿಲ್ಲ.

ಇದನ್ನು ಓದಿದಾಗ ನನಗೆ ಎಂಟನೆಯ ಶತಮಾನದ ಕಾಶ್ಮೀರದ ದಾಮೋದರಗುಪ್ತ ನೆನಪಾದ. ಅವನ ಕುಟ್ಟನೀಮತದಲ್ಲಿ ವಿಕರಾಲಾ ಎಂಬ ಮುದಿ ಕುಟ್ಟನಿ ಮಾಲತಿಯೆಂಬ ತರುಣ ವೇಶ್ಯೆಗೆ ಪುರುಷನ ಮನಸ್ಸನ್ನು ಸೆಳೆದು ಹಣ ಕೀಳುವ ಉಪಾಯಗಳನ್ನು ಬೋಧಿಸುತ್ತಾಳೆ. ಕೃತಕವಾದ ವಿರಹ, ಕೃತಕವಾದ ಕೋಪ, ಕೃತಕವಾದ ಅನುರಾಗ ಎಲ್ಲವೂ ಆ ವಿದ್ಯೆಯ ಅಂಗಗಳು. ವಿದ್ಯೆ ಅದೇ, ಕಾಲಮಾತ್ರ ಬೇರೆ. ವ್ಯತ್ಯಾಸವೆಂದರೆ ಅಂದಿನ ಮಾಲತಿ ತನ್ನ ವಿರಹವನ್ನು ತಾನೇ ನಟಿಸಬೇಕಾಗಿತ್ತು. ಇಂದು ಅದನ್ನೂ ಕೂಲಿಗೆ ಕೊಡಬಹುದಾಗಿದೆ.

ಇಷ್ಟು ಹೊತ್ತು ನಾನು ಹೇಳಿದ್ದು ತಕ್ಕಮಟ್ಟಿಗೆ ಸ್ವತಂತ್ರರಾಗಿರುವವರ ಮಾತು. ನೇರ ಪ್ರದರ್ಶನದ ಜಗತ್ತಿಗೆ ಹೋದರೆ ಚಿತ್ರ ಬೇರೆಯಾಗುತ್ತದೆ. ದಕ್ಷಿಣ ಅಮೆರಿಕದ ಕೊಲಂಬಿಯ, ಯೂರೋಪಿನ ರೊಮೇನಿಯ ಈ ಉದ್ಯಮದ ದೊಡ್ಡ ಕೇಂದ್ರಗಳು. ಅಲ್ಲಿ ಅನೇಕರು ಮನೆಯಿಂದ ಕೆಲಸ ಮಾಡದೆ ಸ್ಟುಡಿಯೋಗಳಲ್ಲಿ ದುಡಿಯುತ್ತಾರೆ. ಒಳ್ಳೆಯ ಕ್ಯಾಮೆರಾ, ವೇಗದ ಸಂಪರ್ಕ, ಬಾಗಿಲು ಹಾಕಿಕೊಳ್ಳಲು ಒಂದು ಕೋಣೆ, ಇವು ಬಡವರ ಮನೆಯಲ್ಲಿ ಎಲ್ಲಿಂದ ಬರಬೇಕು? ಆ ಕೋಣೆಯ ಒಡೆಯನೇ ಸ್ಟುಡಿಯೋದ ಯಜಮಾನ.

ಕೊಲಂಬಿಯದ ಬೊಗೊಟಾ, ಕಾಲಿ, ಮೆಡೆಯಿನ್ ಮುಂತಾದ ನಗರಗಳ ಇಂಥ ಸ್ಟುಡಿಯೋಗಳನ್ನು ಕುರಿತು ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ 2024ರ ಡಿಸೆಂಬರಿನಲ್ಲಿ ಒಂದು ವರದಿ ಹೊರತಂದಿತು. ಅದರ ಪ್ರಕಾರ ಅಮೆರಿಕ ಮತ್ತು ಯೂರೋಪಿನಲ್ಲಿರುವ ತಾಣಗಳು ನೋಡುಗ ಕೊಟ್ಟ ಹಣದಲ್ಲಿ ನೂರಕ್ಕೆ 50ರಿಂದ 65 ಪಾಲನ್ನು ಮೊದಲೇ ಹಿಡಿದುಕೊಳ್ಳುತ್ತವೆ. ಉಳಿದುದರಲ್ಲಿ ಸ್ಟುಡಿಯೋಗಳು 70 ಪಾಲಿನವರೆಗೂ ತೆಗೆದುಕೊಳ್ಳುವುದುಂಟು. ಈ ಲೆಕ್ಕವನ್ನು ಒಮ್ಮೆ ಬಿಡಿಸಿ ನೋಡೋಣ. ನೋಡುಗ ಕೊಟ್ಟದ್ದು 100 ಡಾಲರು. ತಾಣ 60 ಇಟ್ಟುಕೊಂಡರೆ ಉಳಿದದ್ದು 40. ಅದರಲ್ಲಿ ಸ್ಟುಡಿಯೋ ನೂರಕ್ಕೆ 70ರಂತೆ 28 ಡಾಲರು ಹಿಡಿದರೆ, ಕ್ಯಾಮೆರಾ ಮುಂದೆ ಕುಳಿತಿದ್ದವಳಿಗೆ ಬಂದದ್ದು 12 ಡಾಲರು. ಕೌಟಿಲ್ಯನ ರಾಜ ಹದಿನೈದರಲ್ಲಿ ಒಂದು ಪಾಲು ಕೇಳಿದ. ಇಲ್ಲಿ ಎಂಟರಲ್ಲಿ ಏಳು ಪಾಲು ಬೇರೆಯವರಿಗೆ ಹೋಗಿ, ದುಡಿದವಳಿಗೆ ಒಂದು ಉಳಿಯಿತು.

ಅದೇ ವರದಿಯಲ್ಲಿ ಹಣಕ್ಕಿಂತ ಮೌಲಿಕವಾದ ಇನ್ನೊಂದು ಸಂಗತಿಯಿದೆ. ಎಷ್ಟೋ ಸ್ಟುಡಿಯೋಗಳಲ್ಲಿ ಕೆಲಸಗಾರರಿಗೆ ತಮ್ಮ ಖಾತೆಯ ಮೇಲೆ ಅಧಿಕಾರವಿಲ್ಲ. ವರ್ಷಗಟ್ಟಲೆ ದುಡಿದು ಸಂಪಾದಿಸಿದ ಅಭಿಮಾನಿಗಳು, ಹೆಸರು, ಮೆಚ್ಚುಗೆಯ ಅಂಕಗಳು ಎಲ್ಲವೂ ಆ ಖಾತೆಯಲ್ಲಿರುತ್ತವೆ. ಸ್ಟುಡಿಯೋ ಬಿಟ್ಟು ಹೋಗಬೇಕೆಂದರೆ ಅದನ್ನೆಲ್ಲ ಅಲ್ಲಿಯೇ ಬಿಟ್ಟು ಹೋಗಬೇಕು. ಹೊಸ ಕಡೆ ಮೊದಲಿನಿಂದ ಆರಂಭ. ಹಿಂದೆ ನಮ್ಮಲ್ಲಿ ಜೀತದಾಳು ಸಾಲದಿಂದ ಕಟ್ಟುಬಿದ್ದಿರುತ್ತಿದ್ದ. ಇಲ್ಲಿ ಕೆಲಸಗಾರಳು ತನ್ನದೇ ಹೆಸರಿನಿಂದ ಕಟ್ಟುಬಿದ್ದಿರುತ್ತಾಳೆ. ತಿಗಣೆ ಜಿರಲೆಗಳ ಕೋಣೆಗಳಲ್ಲಿ, ಬಿಡುವಿಲ್ಲದ ದೀರ್ಘ ಪಾಳಿಗಳಲ್ಲಿ ಅವರು ದುಡಿಯುವುದಕ್ಕೆ ಈ ಕಟ್ಟೂ ಒಂದು ಕಾರಣ.

ತಾಣಕ್ಕಿಂತಲೂ ಮೇಲೆ ಇನ್ನೊಬ್ಬ ಬಾಗಿಲು ಕಾಯುವವನಿದ್ದಾನೆ. ಅವನ ಮುಖ ಯಾರಿಗೂ ಕಾಣಿಸುವುದಿಲ್ಲ. ನೋಡುಗನ ಹಣ ಬರುವುದು ಕ್ರೆಡಿಟ್ ಕಾರ್ಡಿನ ಮೂಲಕ. ಕಾರ್ಡು ಕಂಪನಿಗಳೂ ಬ್ಯಾಂಕುಗಳೂ ಈ ವ್ಯಾಪಾರವನ್ನು ಅಪಾಯದ ವರ್ಗಕ್ಕೆ ಸೇರಿಸಿ, ಅದಕ್ಕೆ ತಕ್ಕ ಹೆಚ್ಚಿನ ಶುಲ್ಕ ವಸೂಲು ಮಾಡುತ್ತವೆ. 2020ರ ಡಿಸೆಂಬರಿನಲ್ಲಿ ಪೋರ್ನ್‌ಹಬ್ ತಾಣದಲ್ಲಿ ಅಪ್ರಾಪ್ತ ವಯಸ್ಕರ ಮತ್ತು ಒಪ್ಪಿಗೆಯಿಲ್ಲದವರ ಚಿತ್ರಗಳಿರುವುದನ್ನು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಅಂಕಣಕಾರ ನಿಕೋಲಸ್ ಕ್ರಿಸ್ಟಾಫ್ ಬಯಲಿಗೆಳೆದಾಗ, ಮಾಸ್ಟರ್‌ಕಾರ್ಡ್ ಮತ್ತು ವೀಸಾ ಕಂಪನಿಗಳು ಅಲ್ಲಿಗೆ ಹಣ ಸಾಗಿಸುವುದನ್ನು ನಿಲ್ಲಿಸಿದವು. ತಾಣ ಗುರುತು ಸಾಬೀತಾಗದವರು ಸೇರಿಸಿದ ಲಕ್ಷಾಂತರ ಚಿತ್ರಗಳನ್ನು ತೆಗೆದುಹಾಕಿತು. ಅದು ಆಗಲೇಬೇಕಾಗಿದ್ದ ಶುದ್ಧೀಕರಣ, ಅದರಲ್ಲಿ ಎರಡು ಮಾತಿಲ್ಲ. ಆದರೆ ಗುರುತು ಕೊಟ್ಟು, ನಿಯಮ ಪಾಲಿಸಿ, ಅಲ್ಲಿ ತಮ್ಮ ಚಿತ್ರಗಳನ್ನು ಮಾರಿ ಬದುಕುತ್ತಿದ್ದವರ ಆದಾಯವೂ ಅದೇ ಏಟಿಗೆ ಕತ್ತರಿಸಿಹೋಯಿತು. 2021ರ ಆಗಸ್ಟಿನಲ್ಲಿ ಓನ್ಲಿಫ್ಯಾನ್ಸ್ ತಾಣವೇ, ಬ್ಯಾಂಕುಗಳ ಒತ್ತಡದ ಕಾರಣ ಹೇಳಿ, ನಗ್ನ ಕಾಮದ ಚಿತ್ರಗಳನ್ನು ನಿಷೇಧಿಸುವುದಾಗಿ ಪ್ರಕಟಿಸಿತು. ಒಂದು ವಾರ ಕಳೆಯುವುದರೊಳಗೆ ಆ ನಿರ್ಧಾರವನ್ನು ಹಿಂತೆಗೆದುಕೊಂಡಿತು. ಯಾರ ದುಡಿಮೆಯಿಂದ ಆ ತಾಣ ಬೆಳೆಯಿತೋ ಅವರೊಡನೆ ಯಾರೂ ಸಮಾಲೋಚಿಸಿರಲಿಲ್ಲ. ಆ ಒಂದು ವಾರ ಲಕ್ಷಾಂತರ ಜನರು ಮುಂದಿನ ತಿಂಗಳ ಬಾಡಿಗೆಯ ಚಿಂತೆಯಲ್ಲಿ ಕಳೆದಿರಬೇಕು.

ಹಾಗಾದರೆ ಈ ತಾಣ ವ್ಯಾಪಾರಿಯೋ, ಬರೀ ಮಂಡಿಯೋ? ಈ ಪ್ರಶ್ನೆ ಯೂರೋಪಿನ ನ್ಯಾಯಾಲಯದ ಮುಂದೆಯೇ ಬಂದಿತು. ತಾನು ಕೇವಲ ಮಧ್ಯಸ್ಥ, ಆದ್ದರಿಂದ ತನ್ನ 20 ಪಾಲಿಗೆ ಮಾತ್ರ ಮೌಲ್ಯವರ್ಧಿತ ತೆರಿಗೆ ಹಾಕಬೇಕೆಂದು ಓನ್ಲಿಫ್ಯಾನ್ಸಿನ ಒಡೆತನದ ಫೀನಿಕ್ಸ್ ಕಂಪನಿ ವಾದಿಸಿತು. ನಿಯಮಗಳನ್ನು ಗೊತ್ತುಪಡಿಸುವುದು, ಹಣ ಪಡೆಯುವುದು ನೀವೇ ಆದಮೇಲೆ ತೆರಿಗೆಯ ದೃಷ್ಟಿಯಿಂದ ಮಾರುವವರೂ ನೀವೇ ಎಂಬ ಅರ್ಥದಲ್ಲಿ 2023ರ ಫೆಬ್ರವರಿ 28ರಂದು ತೀರ್ಪು ಬಂದಿತು. ಸ್ವಾರಸ್ಯವೆಂದರೆ, ತೆರಿಗೆಯ ಮುಂದೆ ಮಾರಾಟಗಾರನಾದ ಈ ತಾಣ ಕೆಲಸಗಾರರ ಮುಂದೆ ಯಜಮಾನನಾಗಲಿಲ್ಲ. ಖಾತೆದಾರರು ಸ್ವತಂತ್ರ ವ್ಯಾಪಾರಿಗಳಾಗಿಯೇ ಉಳಿದರು. ರಜೆಯಿಲ್ಲ, ವಿಮೆಯಿಲ್ಲ, ಕಾಯಿಲೆ ಬಿದ್ದರೆ ಕೇಳುವವರಿಲ್ಲ. ಸರ್ಕಾರಕ್ಕೆ ತನ್ನ ಪಾಲು ಕೇಳುವ ದಾರಿ ತಿಳಿದಿತ್ತು. ಕೆಲಸಗಾರ್ತಿಗೆ ಆ ದಾರಿ ಇರಲಿಲ್ಲ.

ಯಾಕಿರಲಿಲ್ಲ ಎಂಬುದೇ ನನ್ನ ದೃಷ್ಟಿಯಲ್ಲಿ ಈ ವಿಷಯದ ಹೃದಯ. ಗಿರಣಿಯ ಕೂಲಿಗಾರ ತನ್ನ ಪಾಲು ಕೇಳಲು ಬೀದಿಗಿಳಿಯುತ್ತಾನೆ, ಸಂಘ ಕಟ್ಟುತ್ತಾನೆ, ಪತ್ರಿಕೆಗೆ ಹೇಳಿಕೆ ಕೊಡುತ್ತಾನೆ. ಈ ವೃತ್ತಿಯವಳು ಹಾಗೆ ಮಾಡಬೇಕಾದರೆ ಮೊದಲು ತನ್ನ ಹೆಸರು ಹೇಳಬೇಕು. ಹೆಸರು ಹೇಳಿದ ದಿನ ಮನೆಯವರು ದೂರವಾಗುತ್ತಾರೆ, ಬಾಡಿಗೆಯ ಮನೆ ಕೈತಪ್ಪುತ್ತದೆ, ನಾಳೆ ಬೇರೆ ಉದ್ಯೋಗ ಹಿಡಿಯುವ ದಾರಿ ಮುಚ್ಚುತ್ತದೆ. ಆದ್ದರಿಂದ ಅವಳು ಸುಮ್ಮನಿರುತ್ತಾಳೆ. ಅವಳು ಸುಮ್ಮನಿರುತ್ತಾಳೆಂಬುದು ದಲ್ಲಾಳಿಗೆ ಗೊತ್ತು. ನಾವು ಅವಳ ಮೇಲೆ ಹೊರಿಸಿದ ಅವಮಾನ ಅವಳನ್ನು ಆ ವೃತ್ತಿಯಿಂದ ಹೊರಗೆ ತರುವುದಿಲ್ಲ. ಚೌಕಾಸಿ ಮಾಡುವ ಅವಳ ಶಕ್ತಿಯನ್ನು ಮಾತ್ರ ಕಸಿದುಕೊಳ್ಳುತ್ತದೆ. ಸಮಾಜದ ತಿರಸ್ಕಾರವೇ ಹೀಗೆ ದಲ್ಲಾಳಿಯ ಬಂಡವಾಳವಾಗುತ್ತದೆ. ಆ ಬಂಡವಾಳಕ್ಕೆ ಅವನು ಬಡ್ಡಿಯನ್ನೂ ಕೊಡಬೇಕಾಗಿಲ್ಲ.

ಇದಕ್ಕೆ ಅಮೆರಿಕದ ಸ್ಯಾನ್ ಡಿಯಾಗೊ ನಗರದ ಮೊಕದ್ದಮೆಯೊಂದು ಸಾಕ್ಷಿ. ಗರ್ಲ್ಸ್‌ಡೂಪೋರ್ನ್ ಎಂಬ ತಾಣದವರು ಹರೆಯದ ಹುಡುಗಿಯರನ್ನು ರೂಪದರ್ಶಿಯ ಕೆಲಸವೆಂದು ಕರೆಸಿ, ಚಿತ್ರ ಅಂತರ್ಜಾಲಕ್ಕೆ ಬರುವುದಿಲ್ಲವೆಂದು ನಂಬಿಸಿ, ಕೆಲವು ಸಾವಿರ ಡಾಲರು ಕೊಟ್ಟು ಚಿತ್ರೀಕರಿಸಿದರು. ಚಿತ್ರ ಜಗತ್ತಿನಾದ್ಯಂತ ಹರಡಿತು. ಲಾಭ ಅವರದಾಯಿತು, ಅಪಕೀರ್ತಿ ಹುಡುಗಿಯರದಾಯಿತು. ತಮ್ಮ ಹೆಸರು ಬಯಲಾಗುವ ಭಯದಿಂದ ಅವರು ದೂರುವುದಿಲ್ಲವೆಂಬುದೇ ಆ ವ್ಯಾಪಾರದ ಆಧಾರವಾಗಿತ್ತು. ಕೊನೆಗೆ 22 ಮಂದಿ ಹೆಣ್ಣುಮಕ್ಕಳು ಧೈರ್ಯ ಮಾಡಿದರು. 2020ರ ಜನವರಿಯಲ್ಲಿ ನ್ಯಾಯಾಲಯ ಅವರಿಗೆ 1 ಕೋಟಿ 20 ಲಕ್ಷ ಡಾಲರಿಗೂ ಮೀರಿದ ಪರಿಹಾರವನ್ನು ವಿಧಿಸಿತು. ಅಷ್ಟೇ ಅಲ್ಲ, ಆ ಚಿತ್ರಗಳ ಒಡೆತನವನ್ನೂ ಅವರಿಗೇ ಕೊಟ್ಟಿತು. ತಾಣದ ಮುಖ್ಯಸ್ಥನಿಗೆ 2025ರಲ್ಲಿ 27 ವರ್ಷಗಳ ಸೆರೆವಾಸವಾಯಿತು.

ಕೊಲಂಬಿಯದಿಂದಲೂ ಒಂದು ಒಳ್ಳೆಯ ಸುದ್ದಿಯಿದೆ. ಗರ್ಭಿಣಿಯಾದಳೆಂಬ ಕಾರಣಕ್ಕೆ ಸ್ಟುಡಿಯೋ ಹೊರಹಾಕಿದ್ದ ಕೆಲಸಗಾರ್ತಿಯೊಬ್ಬಳ ಮೊರೆಯನ್ನು ಆ ದೇಶದ ಸಂವಿಧಾನ ನ್ಯಾಯಾಲಯ 2021ರಲ್ಲಿ ಆಲಿಸಿ, ಅವಳಿಗೂ ಸ್ಟುಡಿಯೋಗೂ ಇದ್ದದ್ದು ನೌಕರಿಯ ಸಂಬಂಧವೇ, ಬೇರೆ ಯಾವ ಕೆಲಸಗಾರ್ತಿಗೂ ಇರುವ ರಕ್ಷಣೆ ಅವಳಿಗೂ ಉಂಟು ಎಂದು ಎತ್ತಿಹಿಡಿಯಿತು. ಆ ತೀರ್ಪು ಅವಳ ವೃತ್ತಿಯನ್ನು ಹೊಗಳಲೂ ಇಲ್ಲ, ತೆಗಳಲೂ ಇಲ್ಲ. ಅವಳು ದುಡಿದಿದ್ದಾಳೆಂಬ ಒಂದು ಸಂಗತಿಯನ್ನು ಮಾತ್ರ ಒಪ್ಪಿಕೊಂಡಿತು.

ಎಲ್ಲ ದೇಶಗಳೂ ಈ ಹಾದಿಯಲ್ಲಿಲ್ಲ. ಸ್ವೀಡನ್ ದೇಶ 2025ರ ಜುಲೈಯಿಂದ ಹಣ ಕೊಟ್ಟು ದೂರದಿಂದ ಇಂಥ ಪ್ರದರ್ಶನ ಮಾಡಿಸಿಕೊಳ್ಳುವುದನ್ನೇ ಅಪರಾಧವಾಗಿಸಿದೆ. ಕೊಳ್ಳುವವನನ್ನು ಶಿಕ್ಷಿಸಿದರೆ ಶೋಷಣೆ ತಗ್ಗೀತೆಂಬುದು ಅವರ ವಾದ. ಮಾರುವವಳ ಊಟಕ್ಕೇ ಸಂಚಕಾರವಾದೀತೆಂಬುದು ಅದರ ವಿರೋಧಿಗಳ ವಾದ. ನಮ್ಮ ದೇಶದಲ್ಲಿ 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯ 67 ಮತ್ತು 67ಎ ವಿಧಿಗಳ ಪ್ರಕಾರ ಇಂಥ ಚಿತ್ರಗಳ ಪ್ರಕಟಣೆ ಅಪರಾಧ. ಆದ್ದರಿಂದ ಇಲ್ಲಿ ಗುಟ್ಟಾಗಿ ಈ ಕೆಲಸಕ್ಕಿಳಿದವರಿಗೆ ಕೂಲಿ ಕೊಡದೆ ವಂಚಿಸಿದರೂ ಪೋಲೀಸರ ಬಳಿಗೆ ಹೋಗುವ ಧೈರ್ಯವಾಗದು. ದೂರು ಕೊಡಲು ಹೋದವರೇ ಆರೋಪಿಗಳಾಗುವ ಸಂಭವ. 2022ರ ಮೇ ತಿಂಗಳಲ್ಲಿ ಬುದ್ಧದೇವ ಕರ್ಮಾಸ್ಕರ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ ಲೈಂಗಿಕ ವೃತ್ತಿಯವರಿಗೂ ಘನತೆಯಿಂದ ಬದುಕುವ ಹಕ್ಕುಂಟೆಂದು ಹೇಳಿ, ಅವರನ್ನು ಹಿಂಸಿಸಕೂಡದೆಂದು ಪೋಲೀಸರಿಗೆ ನಿರ್ದೇಶನ ಕೊಟ್ಟಿತು. ಆ ಮಾತಿನ ಅರ್ಥ ಅಂತರ್ಜಾಲದ ಕೋಣೆಗಳವರೆಗೂ ಮುಟ್ಟುವುದು ಇನ್ನೂ ಬಾಕಿಯಿದೆ.

ಈ ವ್ಯಾಪಾರ ಬೆಳೆಯಲೆಂಬುದು ನನ್ನ ಆಶಯವಲ್ಲ. ಅದರ ಲೆಕ್ಕ ಬೆಳಕಿಗೆ ಬರಲೆಂಬುದು ಆಶಯ. ಲೆಕ್ಕ ಬೆಳಕಿಗೆ ಬಂದರೆ ಎರಡು ಪ್ರಯೋಜನಗಳಿವೆ. ಒಂದೇ ದಿನದಲ್ಲಿ ಲಕ್ಷ ಗಳಿಸಿದವರ ಕಥೆ ಕೇಳಿ, ಕೆಲಸವಿಲ್ಲದ ಹುಡುಗಿಯೋ ಹುಡುಗನೋ ಆ ಕಡೆ ಹೆಜ್ಜೆಯಿಡುವ ಮುನ್ನ, ಪಂಕ್ತಿಯ ಕೊನೆಯಲ್ಲಿ ಕುಳಿತ ತೊಂಬತ್ತು ಜನರ ಎಲೆಯನ್ನೂ ನೋಡುವಂತಾಗುತ್ತದೆ. ತೆಗೆದ ಚಿತ್ರ ಎಂದೆಂದಿಗೂ ಉಳಿಯುತ್ತದೆ, ಬಂದ ಹಣ ತಿಂಗಳ ಕೊನೆಗೇ ಮುಗಿಯುತ್ತದೆ ಎಂಬ ಅರಿವು ಯಾವ ಉಪದೇಶಕ್ಕಿಂತಲೂ ಪರಿಣಾಮಕಾರಿಯಾದೀತು. ಇನ್ನು ಈಗಾಗಲೇ ಅಲ್ಲಿರುವವರಿಗೆ ತಮ್ಮ ಖಾತೆಯ ಒಡೆತನ, ಸಕಾಲದಲ್ಲಿ ಕೂಲಿ, ಬೇಡವೆನ್ನುವ ಹಕ್ಕು, ಬಿಟ್ಟು ಹೋಗುವ ಹಕ್ಕು ಇಷ್ಟನ್ನಾದರೂ ಕೇಳಲು ಒಂದು ಆಧಾರ ಸಿಗುತ್ತದೆ.

ಶರಣರ ಕಾಲದಲ್ಲಿ ಕಾಯಕವನ್ನು ಕುರಿತು ನಡೆದ ವಿಚಾರ ಸಾಮಾನ್ಯವಾದುದಲ್ಲ. ಆ ಸಭೆಯಲ್ಲಿ ಸಂಕವ್ವೆಗೂ ಸ್ಥಾನವಿತ್ತು, ಅವಳ ಹೆಸರಿನ ಹಿಂದಿದ್ದ ವೃತ್ತಿಯನ್ನು ಯಾರೂ ಅಳಿಸಿಹಾಕಲಿಲ್ಲ. ಅವಳು ಹಿಡಿದ ಒತ್ತೆ ಎಷ್ಟೆಂಬುದು ಅವಳಿಗೆ ಗೊತ್ತಿತ್ತು, ಯಾರಿಂದ ಹಿಡಿದಳೆಂಬುದೂ ಗೊತ್ತಿತ್ತು. ಇಂದು ಬೊಗೊಟಾ ನಗರದ ಕೋಣೆಯೊಂದರಲ್ಲಿ ಕುಳಿತವಳಿಗೆ ಈ ಎರಡೂ ಗೊತ್ತಿರುವುದಿಲ್ಲ. ಕೊಟ್ಟವನು ಎಷ್ಟು ಕೊಟ್ಟನೆಂಬುದನ್ನು ಅವಳಿಗೆ ತಿಳಿಸುವುದರಿಂದಲಾದರೂ ನ್ಯಾಯ ಆರಂಭವಾಗಬೇಕು.